ಆನೆಗುಂದಿ ಊರ ನಡಿಗೆ: ಅಂಜನಾದ್ರಿ ಇಳಿದು ಸೀದಾ ಬಸ್ ಹತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅನ್ನುವುದು ಕೆಳಗೆ ಬರುತ್ತದೆ, ಊರಿನವರು ಬೇಜಾರು ಮಾಡಿಕೊಳ್ಳಬಾರದು.

ಆನೆಗುಂದಿ ಗೊತ್ತಲ್ವಾ? ಹಂಪಿಯಿಂದ ತುಂಗಭದ್ರೆ ದಾಟಿದರೆ ಆಚೆ ದಡದ ಊರು. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕು. ಅಲ್ಲಿನ ಕೆಲವು ಹುಡುಗರು ಸೇರಿಕೊಂಡು ಬಂದವರನ್ನು ಊರು, ಗದ್ದೆ, ಕಾಲುವೆ, ಬಂಡೆ, ಹೊಳೆ ಅಂತ ಸುತ್ತಿಸುತ್ತಾರೆ. ನಡುವೆ ಬಾಳೆನಾರಿನ ಕೆಲಸ ಮಾಡುವ ಹೆಂಗಸರ ಜೊತೆ ಕೂತು ನೀವೂ ಕೈಯಾಡಿಸಬಹುದು, ಮಧ್ಯಾಹ್ನ ಒಬ್ಬರ ಮನೆಯಲ್ಲಿ ಊಟ, ಸಂಜೆ ಹೊಳೆಯಲ್ಲಿ ನೀರು ಅನುಕೂಲ ಇದ್ದರೆ ಹರಿಗೋಲು. ಬೋರ್ಡು ಗೀರ್ಡು ಏನೂ ಇಲ್ಲ. ನಾವು ಉಳಿದುಕೊಂಡಿದ್ದ ಮನೆಯವರೇ ಫೋನ್ ಮಾಡಿ ಗೊತ್ತು ಮಾಡಿಕೊಟ್ಟರು. ಹೋದವರು ನಾನು, ನಮ್ಮ ಮನೆಯವರು, ಹೈಸ್ಕೂಲ್ ಮಗಳು, ಮತ್ತು ಮೊಣಕಾಲು ನೋವಿನ ನಮ್ಮ ಅತ್ತೆ.

ನನಗೆ ಆಶ್ಚರ್ಯ ಆಗುವುದು ಇಷ್ಟೇ. ಅಂಜನಾದ್ರಿಗೆ ಶನಿವಾರ ಭಾನುವಾರ ಬರುವ ಜನ ನೋಡಿದ್ದೀರಲ್ಲ, ಬಸ್ಸು, ಟೆಂಪೋ ಟ್ರಾವೆಲರ್, ಟಂಟಂ, ಕಾಲಿಡಲು ಜಾಗ ಇರುವುದಿಲ್ಲ. 575 ಮೆಟ್ಟಿಲು ಹತ್ತುತ್ತಾರೆ, ಆಂಜನೇಯನ ದರ್ಶನ, ಮೇಲಿಂದ ಒಂದಿಷ್ಟು ಸೆಲ್ಫಿ, ಇಳಿದು ಪಂಪಾ ಸರೋವರಕ್ಕೆ ಹತ್ತು ನಿಮಿಷ, ಮುಗಿಯಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ ಇರುವ ಆನೆಗುಂದಿ ಊರೊಳಗೆ ಯಾರೂ ತಿರುಗುವುದಿಲ್ಲ. ನಡಿಗೆಗೆ ಬರುವವರಲ್ಲಿ ಹೊರದೇಶದವರೇ ಜಾಸ್ತಿ ಅಂತ ನಮ್ಮ ಗೈಡ್ ಹೇಳಿದ. ಕನ್ನಡದಲ್ಲಿ ವಿವರಿಸುವ ಅವಕಾಶ ಸಿಕ್ಕಿದ್ದಕ್ಕೆ ಅವನಿಗೇ ಖುಷಿ ಆದಂತಿತ್ತು. ನಿಜ ಹೇಳಬೇಕೆಂದರೆ ಈ ನಡಿಗೆ ನಮ್ಮಂಥವರಿಗೇ ಹೇಳಿ ಮಾಡಿಸಿದ್ದು. ಭತ್ತದ ಮಡಿ, ತೂಬು, ಬದು, ಬಾಳೆ ಪಟ್ಟೆ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಾತು ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಬೆಳಗ್ಗೆ ಬೇಗ ಶುರು ಮಾಡಿಸುತ್ತಾರೆ. ಬೇಗ ಅಂದರೆ ನಿಜವಾಗಿಯೂ ಬೇಗ, ಕಾಫಿ ಕುಡಿದೇ ಹೊರಡೋಣ ಅನ್ನುವವರಿಗೆ ಕಷ್ಟ. ಬಂಡೆಗಳ ನಾಡು ಇದು, ಬಿಸಿಲೇರಿದ ಮೇಲೆ ಕಾವು ಮೇಲಿಂದಲೂ ಬರುತ್ತದೆ, ಕೆಳಗಿಂದಲೂ ಬರುತ್ತದೆ.

ಊರ ನಡುವೆ ಗಗನ್ ಮಹಲ್, ಹತ್ತಿರವೇ ರಂಗನಾಥ ಸ್ವಾಮಿ ಗುಡಿ. ಇಲ್ಲಿ ಗೈಡ್ ಹೆಚ್ಚು ಹೊತ್ತು ನಿಲ್ಲಿಸಲಿಲ್ಲ, ಅದು ನನಗೆ ಹಿಡಿಸಿತು. 1336, 1565 ಅಂತ ಇಸವಿ ಒಪ್ಪಿಸುತ್ತಾ ಹೋಗುವ ಗೈಡುಗಳನ್ನು ಹಂಪಿಯಲ್ಲಿ ಸಾಕಷ್ಟು ಕೇಳಿದ್ದೇವೆ. ಇವನು ಕಥೆಯನ್ನು ಚಿಕ್ಕದಾಗಿ ಮುಗಿಸಿದ. ವಿಜಯನಗರ ಎದ್ದು ನಿಲ್ಲುವ ಮೊದಲೇ ಇಲ್ಲಿ ಕೋಟೆ ಇತ್ತು, ರಾಜಧಾನಿ ಆ ದಡಕ್ಕೆ ಬೆಳೆದ ಮೇಲೂ ಈ ಊರು ಖಾಲಿ ಆಗಲಿಲ್ಲ, ಇವತ್ತಿಗೂ ರಾಜಮನೆತನದವರು ಇಲ್ಲೇ ಇದ್ದಾರೆ. ಆಮೇಲೆ ಸೀದಾ ಓಣಿಯೊಳಗೆ ಕರೆದುಕೊಂಡು ಹೋದ. ಆ ದಡದಲ್ಲಿ ನೋಡುವುದು ಯಾರೂ ಇಲ್ಲದ ಪಟ್ಟಣ. ಇಲ್ಲಿ ಅದೇ ಕಾಲದ ಕಲ್ಲಿಗೆ ಒಬ್ಬರು ಎಮ್ಮೆ ಕಟ್ಟಿರುತ್ತಾರೆ, ಇನ್ನೊಬ್ಬರು ಒಣಮೆಣಸಿನಕಾಯಿ ಹರವಿರುತ್ತಾರೆ. ಕೆತ್ತನೆಯ ಕಂಬವೊಂದು ಮನೆಯ ಜಗಲಿಗೆ ಮೆಟ್ಟಿಲಾಗಿ ಮಲಗಿದೆ. ಅದನ್ನು ನೋಡಿ ಮುಖ ಸಿಂಡರಿಸುವವರು ಇರಬಹುದು. ನನಗೇನೋ ಇದು ಸರಿಯಾಗಿಯೇ ಇದೆ ಅನ್ನಿಸಿತು, ಅದರ ಮೇಲೆ ದಿನಾ ಯಾರೋ ಕಾಲಿಡುತ್ತಾರೆ, ದಿನಾ ಯಾರೋ ತೊಳೆದು ರಂಗೋಲಿ ಹಾಕುತ್ತಾರೆ.

ಒಂದು ಮಂಟಪದ ನೆಲದ ಮೇಲೆ ಗೆರೆ ಕೊರೆದ ಆಟದ ಮನೆಗಳಿವೆ. ಹಂಪಿ ಸುತ್ತಮುತ್ತ ಇಂಥವು ಬಹಳ ಕಡೆ ಸಿಗುತ್ತವೆ, ಗುಡಿಯ ಕಟ್ಟೆ, ಬಜಾರಿನ ಚಪ್ಪಡಿ, ಕಾವಲುಗಾರರು ಕೂತಿರಬಹುದಾದ ಜಾಗ. ಗೈಡ್ ಕಾಲಿನಿಂದ ಧೂಳು ಸರಿಸಿ, ಇದು ಹುಲಿ-ಕುರಿ ಆಟದ್ದು ಅಂದ. ಅಷ್ಟೇ, ನಮ್ಮ ಅತ್ತೆ ಮೊಣಕಾಲು ಮರೆತರು. ಮಂಟಪದಲ್ಲಿ ಸುಮ್ನೆ ಕೂತಿದ್ದ ಊರಿನ ಅಜ್ಜ ಒಬ್ಬರು "ಆಡ್ತೀರೇನ್ರಿ ಅಮ್ಮಾರ?" ಅಂದಿದ್ದೇ ತಡ, ಹುಲಿಗೆ ಹಂಚಿನ ಚೂರು, ಕುರಿಗೆ ಹುಣಸೆಬೀಜ ಅಂತ ಜೋಡಿಸಿ ಕೂತರು. ಅಜ್ಜ ಹುಲಿ ಹಿಡಿದರು, ಅತ್ತೆ ಕುರಿ. ಗೆರೆ ಸವೆದು ಕೆಲವು ಕಡೆ ಕಾಣುವುದೇ ಇಲ್ಲ, ಬೆರಳಿಟ್ಟು ಹುಡುಕಬೇಕು. ಆದರೂ ಇಬ್ಬರಿಗೂ ಯಾವ ಮನೆಯಿಂದ ಯಾವ ಮನೆಗೆ ದಾರಿ ಅನ್ನುವುದು ಬಾಯಿಪಾಠ. ಅಜ್ಜನ ಕಡೆಯ ನಿಯಮ ಸ್ವಲ್ಪ ಬೇರೆ, ಅದಕ್ಕೆ ಜಗಳವೂ ಆಯಿತು. ಕೊನೆಗೆ ಎಲ್ಲಾ ಹುಲಿಗಳೂ ಮೂಲೆಗೆ ಸಿಕ್ಕಿಬಿದ್ದವು. "ಮುಂದಿನ ಸಲ ಬರ್ರಿ, ನೋಡ್ತೀನಿ" ಅಂದರು ಅಜ್ಜ. ನಡಿಗೆಯ ಟೈಮ್‌ಟೇಬಲ್ ಅಲ್ಲಿಗೇ ಕೆಟ್ಟಿತು. ಗೈಡ್ ಒಂದು ಮಾತೂ ಆಡದೆ ಬಿಟ್ಟುಬಿಟ್ಟ. ಇಂಥಾ ಜಾಗದಲ್ಲಿ ಗಡಿಯಾರ ನೋಡುವ ಗೈಡ್ ಆಗಿದ್ದರೆ ನಾನು ಎರಡೇ ಸ್ಟಾರ್ ಕೊಡುತ್ತಿದ್ದೆ.

ಹೊಳೆದಂಡೆಯ ಹುಚ್ಚಪ್ಪಯ್ಯನ ಮಠವನ್ನು ಮಾತ್ರ ಬಿಡಬೇಡಿ. ಒಳಗೆ ಕಪ್ಪು ಕಲ್ಲಿನ ಕಂಬಗಳಿವೆ, ಕಡೆದು ನುಣುಪು ಮಾಡಿದ್ದು, ಕೈಯಿಟ್ಟರೆ ತಣ್ಣಗೆ. ಮಂಟಪದ ಚಾವಣಿಯಲ್ಲಿ ಹಳೆಯ ಬಣ್ಣದ ಚಿತ್ರ ಅಲ್ಲಲ್ಲಿ ಉಳಿದಿದೆ. ಮೊಬೈಲ್ ಟಾರ್ಚ್ ಹಾಕಲು ಹೋದ ಮಗಳಿಗೆ ಗೈಡ್ ಬೇಡ ಅಂದ, ಸ್ವಲ್ಪ ಹೊತ್ತು ನಿಂತರೆ ಕಣ್ಣಿಗೇ ಕಾಣುತ್ತದೆ ಅಂದ. ಹೌದು, ಕಂಡಿತು.

ಈಗ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆದ ಭಾಗ, ಕಾಲುವೆ. ಊರು ಬಿಟ್ಟು ಗದ್ದೆಗೆ ಇಳಿದರೆ ಒಂದು ಕಡೆ ಬರೀ ಬಂಡೆ, ಹುಲ್ಲು ಕೂಡ ಇಲ್ಲ, ಇನ್ನೊಂದು ಕಡೆ ಕಣ್ಣು ಕುಕ್ಕುವ ಹಸಿರು. ನಡುವೆ ಇರುವುದು ನಾಲ್ಕು ಹೆಜ್ಜೆ ಅಗಲದ ನೀರು. ಈ ಭಾಗದಲ್ಲಿ ವಿಜಯನಗರದ ಕಾಲದಲ್ಲಿ ಕಟ್ಟಿದ ಅಣೆಕಟ್ಟು, ಕಾಲುವೆಗಳು ಇವತ್ತಿಗೂ ನೀರು ಹರಿಸುತ್ತವೆ, ಗಂಗಾವತಿಯನ್ನು ಭತ್ತದ ಕಣಜ ಅನ್ನುವುದಕ್ಕೆ ಕಾರಣ ತುಂಗಭದ್ರಾ ಡ್ಯಾಮ್ ಒಂದೇ ಅಲ್ಲ, ಡ್ಯಾಮ್ ಬಂದಿದ್ದು ಮೊನ್ನೆ, 1953ರಲ್ಲಿ. ಆಗಿನ ಅಣೆಕಟ್ಟು ಅಂದರೆ ನಮ್ಮ ಕಣ್ಣಿಗೆ ಅಣೆಕಟ್ಟು ಅನ್ನಿಸುವುದೇ ಇಲ್ಲ. ಹೊಳೆಯಲ್ಲಿ ಮೊದಲೇ ಇರುವ ಬಂಡೆ, ನಡುಗಡ್ಡೆಗಳನ್ನೇ ಆಸರೆ ಮಾಡಿಕೊಂಡು ನಡುವಿನ ಸಂದಿಯಲ್ಲಿ ದೊಡ್ಡ ಕಲ್ಲುಗಳನ್ನು ಪೇರಿಸಿ ಹೊಳೆಯ ಮಟ್ಟವನ್ನು ಸ್ವಲ್ಪ ಎತ್ತರಿಸಿದ್ದಾರೆ, ಅಷ್ಟೇ. ಹೊಳೆ ತುಂಬಿ ಬಂದರೆ ನೀರು ಅದರ ಮೇಲೆಯೇ ಹಾದುಹೋಗುತ್ತದೆ. ಎದುರು ನಿಲ್ಲುವುದಿಲ್ಲ, ಹಾಗಾಗಿ ಕೊಚ್ಚಿಹೋಗುವುದೂ ಕಡಿಮೆ. ಪಂಪು ಇಲ್ಲ, ಕರೆಂಟು ಇಲ್ಲ. ನೆಲದ ಇಳಿಜಾರು ನೋಡಿಕೊಂಡು ಕಾಲುವೆ ಬಂಡೆಗಳನ್ನು ಬಳಸಿಕೊಂಡು ಹೋಗುತ್ತದೆ.

ಇದನ್ನೆಲ್ಲ ಗೈಡ್ ಭಾಷಣದಂತೆ ಹೇಳಲಿಲ್ಲ. ಗದ್ದೆಯಲ್ಲಿ ಒಬ್ಬರು ನೀರು ತಿರುಗಿಸುತ್ತಿದ್ದರು, ಅವರ ಹತ್ತಿರ ನಿಲ್ಲಿಸಿದ. ಅವರು ಸಲಿಕೆಯಿಂದ ಬದುವಿನ ಒಂದು ಹೆಂಟೆ ಮಣ್ಣು ಎತ್ತಿ ಪಕ್ಕಕ್ಕೆ ಇಟ್ಟರು, ನೀರು ಆ ಮಡಿಗೆ ನುಗ್ಗಿತು. ತುಂಬಿದ ಮೇಲೆ ಅದೇ ಹೆಂಟೆಯನ್ನು ಕಾಲಿನಿಂದ ತುಳಿದು ಮುಚ್ಚಿದರು. ಮೇಲಿನವರ ಸರದಿ ಯಾವಾಗ, ಕೆಳಗಿನವರ ಸರದಿ ಯಾವಾಗ, ಬೇಸಿಗೆಯಲ್ಲಿ ನೀರು ಕಡಿಮೆ ಆದಾಗ ಯಾರು ಯಾರ ಮೇಲೆ ಕೂಗಾಡುತ್ತಾರೆ, ಎಲ್ಲ ಹೇಳಿದರು. ನಮ್ಮ ಮನೆಯವರ ಊರಿನಲ್ಲೂ ಕೆರೆ ನೀರಿಗೆ ಇದೇ ಜಗಳ, ಹಾಗಾಗಿ ಅಲ್ಲಿ ಶುರುವಾದ ಮಾತು ಮುಗಿಯುವುದೇ ಇಲ್ಲ ಅನ್ನುವಂತಾಯಿತು. ಟಿಕೆಟ್ ತೆಗೆದುಕೊಂಡು ನೋಡುವ ಸ್ಮಾರಕಗಳಿಗೆ ಬೇಲಿ ಇದೆ, ಕಾವಲು ಇದೆ. ಈ ಕಾಲುವೆಗೆ ಇರುವ ಕಾವಲು ಇಂಥವರ ಸಲಿಕೆಯೇ.

ಬಂಡೆಗಳ ವಿಷಯಕ್ಕೆ ಬರೋಣ. ಇದು ಕಿಷ್ಕಿಂಧೆ, ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳೇ ಹೀಗೆ ಬಿದ್ದಿವೆ ಅನ್ನುವುದು ಊರಿನ ಮಾತು. ನೋಡಿದರೆ ನಂಬಬೇಕು ಅನ್ನಿಸುವ ಹಾಗೇ ಇವೆ ಬಿಡಿ. ಭೂವಿಜ್ಞಾನದ ಲೆಕ್ಕ ಬೇರೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು, ನೆಲದೊಳಗೆ ಇದ್ದಾಗಲೇ ಅಡ್ಡ ಉದ್ದ ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ಇಳಿದು ಮೂಲೆಗಳು ಮೊದಲು ಕರಗಿ, ಚೌಕವಾಗಿದ್ದದ್ದು ಗುಂಡಾಗಿ, ಆಮೇಲೆ ಸುತ್ತಲ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಮಾತ್ರ ಒಂದರ ಮೇಲೊಂದು ಉಳಿದುಕೊಂಡಿವೆ. ಅಂದರೆ ಯಾರೂ ಎತ್ತಿ ಇಟ್ಟಿದ್ದಲ್ಲ, ಇದ್ದ ಜಾಗದಲ್ಲೇ ಸವೆದದ್ದು. ನಮ್ಮ ಗೈಡ್ ಎರಡನ್ನೂ ಹೇಳಿದ, ಯಾವುದನ್ನೂ ಗೇಲಿ ಮಾಡಲಿಲ್ಲ. ಹತ್ತನೇ ಕ್ಲಾಸಿನ ಸಮಾಜದ ಮೇಷ್ಟರು ಹೀಗೆ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಮಗಳು ಅಂದಳು.

ಒಂದು ಬಂಡೆಯ ಮೈಮೇಲೆ ಸಾಲಾಗಿ ತೂತುಗಳಿವೆ, ಬಟ್ಟೆಗೆ ಹೊಲಿಗೆ ಹಾಕಿದಂತೆ. ಕಲ್ಲು ಸೀಳಲು ಬೆಣೆ ಬಡಿದ ಜಾಗ ಅದು. ಸಾಲು ಅರ್ಧಕ್ಕೆ ನಿಂತಿದೆ, ಬಂಡೆ ಸೀಳಿಲ್ಲ. ಯಾಕೆ ಬಿಟ್ಟು ಹೋದರೋ.

ಒನಕೆ ಕಿಂಡಿಗೆ ಹೋಗುವ ದಾರಿ ಗದ್ದೆ ಬದು, ಆಮೇಲೆ ಮುಳ್ಳುಕಂಟಿ. ಬಂಡೆಗಳ ಮರೆಯಲ್ಲಿ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳಿವೆ, ದನ, ಮನುಷ್ಯರು, ದೊಡ್ಡದೊಂದು ಸುತ್ತು. ಸ್ಮಾರಕ ಅಂತ ದೊಡ್ಡ ನಿರೀಕ್ಷೆ ಇಟ್ಟುಕೊಂಡು ಹೋದರೆ ನಿಮಗೆ ನಿರಾಸೆ ಆಗಬಹುದು, ಮಾಸಿದ ಚಿತ್ರ, ಹುಡುಕಿ ನೋಡಬೇಕು. ಮೊಣಕಾಲು ನೋವಿನವರಿಗೆ ಈ ಭಾಗ ಆಗುವುದಿಲ್ಲ. ಅತ್ತೆಯನ್ನು ಮುಂಚೆಯೇ ಬಾಳೆನಾರಿನ ಕೆಲಸದ ಮನೆಗೆ ಟಂಟಂನಲ್ಲಿ ಕಳಿಸಿಕೊಟ್ಟರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಬಾಳೆನಾರಿನ ಕೆಲಸಕ್ಕೆ ಆನೆಗುಂದಿಯಲ್ಲಿ ಒಂದು ಹಿನ್ನೆಲೆ ಇದೆ. ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂದಾ ಟ್ರಸ್ಟ್ 1990ರ ದಶಕದ ಕೊನೆಯಿಂದ ಇಲ್ಲಿನ ಹೆಂಗಸರಿಗೆ ಇದನ್ನು ಕಲಿಸುತ್ತಾ ಬಂತು, ಈಗ ಊರಿನಲ್ಲಿ ಈ ಕೆಲಸ ಬಲ್ಲ ಕೈಗಳು ಬಹಳ ಇವೆ. ಬಾಳೆ ಒಂದೇ ಸಲ ಗೊನೆ ಬಿಡುವ ಗಿಡ. ಗೊನೆ ಕಡಿದ ಮೇಲೆ ದಿಂಡನ್ನು ಕಡಿದು ಹಾಕಲೇಬೇಕು, ಮೊದಲು ಅದು ಕೊಳೆಯುತ್ತಾ ಬಿದ್ದಿರುತ್ತಿತ್ತು ಇಲ್ಲವೇ ದನಕ್ಕೆ ಹೋಗುತ್ತಿತ್ತು. ಈಗ ಹೊರಗಿನ ಪಟ್ಟೆಗಳನ್ನು ಸುಲಿದು ಬಿಸಿಲಿಗೆ ಒಣಗಿಸುತ್ತಾರೆ, ಸೀಳುತ್ತಾರೆ, ಸ್ವಲ್ಪ ನೀರು ತಾಗಿಸಿ ಹೊಸೆದು ಹಗ್ಗ ಮಾಡುತ್ತಾರೆ. ಆ ಹಗ್ಗದಲ್ಲಿ ಚೀಲ, ಟೋಪಿ, ಬುಟ್ಟಿ, ಟೇಬಲ್ ಮೇಲೆ ಹಾಕುವ ಚಾಪೆ.

ನಾವು ಕೂತಿದ್ದು ಒಂದು ಪಡಸಾಲೆಯಲ್ಲಿ. ನಾಲ್ಕೈದು ಜನ ಹೆಂಗಸರು, ಮಾತು ಒಂದು ಕಡೆ, ಕೈ ಒಂದು ಕಡೆ. ಹೊಸೆಯುವುದು ನೋಡಲು ಸುಲಭ. ಎರಡು ಎಳೆಯನ್ನು ಅಂಗೈಯಲ್ಲಿ ಒಂದೇ ಕಡೆಗೆ ತಿರುಚಿ, ಎರಡನ್ನೂ ಸೇರಿಸಿ ಅದರ ಎದುರು ದಿಕ್ಕಿಗೆ ಸುತ್ತಿಕೊಳ್ಳಲು ಬಿಡಬೇಕು, ಆಗ ಅದು ಬಿಚ್ಚಿಕೊಳ್ಳುವುದಿಲ್ಲ. ಮುಗಿಯಲು ಬಂದ ಎಳೆಗೆ ಹೊಸ ಎಳೆ ಸೇರಿಸುವ ಕಡೆಯೇ ಕೈಚಳಕ ಇರುವುದು. ನನ್ನ ಹಗ್ಗದಲ್ಲಿ ಆ ಜಾಗದಲ್ಲೆಲ್ಲ ಗಂಟು, ಹಾವು ಇಲಿ ನುಂಗಿದಂತೆ ಅಂತ ಪಕ್ಕದ ಅಕ್ಕ ನಕ್ಕರು. ಮಗಳಿಗೆ "ಹಂಗ ಜಗ್ಗಬ್ಯಾಡವ್ವಾ, ಹರೀತೈತಿ, ಹಗೂರಕ" ಅಂತ ಕೈ ಹಿಡಿದು ತೋರಿಸಿದರು. ಅವರ ತೋರುಬೆರಳಿನ ಪಕ್ಕ ದಪ್ಪಗೆ ಗಟ್ಟಿಯಾಗಿ ಹೊಳೆಯುತ್ತಿತ್ತು, ಎಳೆ ಅಲ್ಲೇ ಉಜ್ಜಿ ಉಜ್ಜಿ. ಒಂದು ವಿಷಯ, ಹಸಿ ಪಟ್ಟೆ ಮುಟ್ಟುವುದಿದ್ದರೆ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಬೇಡಿ. ಬಾಳೆ ಕರೆ ಯಾವ ಸೋಪಿಗೂ ಹೋಗುವುದಿಲ್ಲ.

ಅವರ ಸಂಪಾದನೆ ಬಗ್ಗೆ ಕೇಳಿದೆ, ಹೆಂಗಸರು ಹೆಂಗಸರ ಹತ್ತಿರ ಕೇಳಬಹುದಲ್ಲ. ತೂಕದ ಮೇಲೆ, ಪೀಸ್ ಮೇಲೆ ಅಂತ ಇರುತ್ತದೆ, ಸೀಸನ್‌ನಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ಪಟ್ಟೆ ಒಣಗುವುದಿಲ್ಲ, ಕೆಲಸ ನಿಧಾನ ಅಂದರು. ಗದ್ದೆ ಕೂಲಿಗಿಂತ ಇದು ವಾಸಿ, ನೆರಳಲ್ಲಿ ಕೂತು ಮಾಡುವ ಕೆಲಸ ಅಂತಲೂ ಅಂದರು. ಎರಡು ಚೀಲ ತಗೊಂಡೆ. ಚೌಕಾಸಿ ಮಾಡಲಿಲ್ಲ, ನೀವೂ ಮಾಡಬೇಡಿ. ಅರ್ಧ ಗಂಟೆ ಆ ಹಗ್ಗ ಹೊಸೆದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ, ಇದೇ ಈ ಕಾರ್ಯಕ್ರಮದ ಜಾಣತನ ಇರಬೇಕು.

ಊಟ: ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. ರೊಟ್ಟಿ ಬಿಸಿ ಬಿಸಿಯಾಗಿ ಒಂದೊಂದೇ ಬರುತ್ತದೆ, ಸಾಕು ಅಂದರೂ ಬರುತ್ತದೆ. ಇದಕ್ಕಿಂತ ಜಾಸ್ತಿ ಬರೆದರೆ ಊಟದ ರಿವ್ಯೂ ಆಗಿಬಿಡುತ್ತದೆ. ಸಂಜೆ ಹೊತ್ತಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬೇಕಾದರೆ ಊರಿನ ಅಂಗಡಿಯಲ್ಲೇ ಸಿಗುತ್ತದೆ.

ಹರಿಗೋಲು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. ಐನೂರು ವರ್ಷ ಆದಮೇಲೂ ಇದರಲ್ಲಿ ಮುಖ್ಯವಾಗಿ ಬದಲಾಗಿರುವುದು ಹೊರಗಿನ ಹೊದಿಕೆ, ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ತಿರುಗುವುದು ಹಾಗೇ ಇದೆ. ಹುಟ್ಟು ಹಾಕುವವನು ನೆಟ್ಟಗೂ ಒಯ್ಯಬಲ್ಲ, ಆದರೆ ಮಕ್ಕಳು ಕಂಡರೆ ಬೇಕಂತಲೇ ಗಿರಗಿರ ತಿರುಗಿಸುತ್ತಾನೆ. ಊಟ ಆದ ತಕ್ಷಣ ಹತ್ತಬೇಡಿ.

ನೀರಿನಿಂದ ಆ ಅರವತ್ತನಾಲ್ಕು ಕಂಬದ ಮಂಟಪ ಕಾಣುತ್ತದೆ, ಕೃಷ್ಣದೇವರಾಯನ ಸಮಾಧಿ ಅಂತ ಜನ ನಂಬುವ ಜಾಗ. ಹೊಳೆ ಬಂದಾಗ ಮುಳುಗುತ್ತದೆ, ಇಳಿದಾಗ ಎದ್ದು ನಿಲ್ಲುತ್ತದೆ. ಇನ್ನೊಂದು ಕಡೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದುಬಿದ್ದ ಸೇತುವೆಯ ಕಂಬಗಳು. ಈ ಹೊಳೆಯ ಮೇಲಿನ ಸೇತುವೆಗಳ ಗಲಾಟೆಯಿಂದಲೇ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಯಲ್ಲಿ ಇತ್ತು. ಪರಂಪರೆ ಉಳಿಯಬೇಕು, ಸರಿ. ಆದರೆ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಹರಿಗೋಲಿನಲ್ಲಿ ದಾಟಿಸಬೇಕಾದವರ ಕಷ್ಟ ಪಟ್ಟಿ ಮಾಡುವವರಿಗೆ ಗೊತ್ತಾಗುವುದಿಲ್ಲ. ಈಗ ಬುಕ್ಕಸಾಗರ-ಕಡೆಬಾಗಿಲು ಸೇತುವೆ ಆದಮೇಲೆ ಓಡಾಟ ಸಲೀಸಾಗಿದೆ, ಸ್ವಂತ ಗಾಡಿಯವರು ಅದರ ಮೇಲೇ ಬನ್ನಿ.

ಇದೇ ಹೊಳೆಯಲ್ಲಿ ನೀರುನಾಯಿಗಳಿವೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ನಮಗೆ ಕಂಡಿದ್ದು ಬಂಡೆ ಮೇಲಿನ ಮೀನಿನ ಪೊರೆ, ಮುಳ್ಳು, ಅಂದರೆ ತಿಂದು ಹೋದ ಎಲೆ ಮಾತ್ರ. ಮೀನು ಹಿಡಿಯುವವರಿಗೆ ಇವುಗಳ ಮೇಲೆ ಸಿಟ್ಟು, ಬಲೆ ಹರಿಯುತ್ತವೆ ಅಂತ. ಗೈಡ್ ಅದನ್ನೂ ಮುಚ್ಚಿಡದೆ ಹೇಳಿದ. ಹಕ್ಕಿ ನೋಡುವ ಹುಚ್ಚಿದ್ದವರಿಗೆ ಬಂಡೆಗಳ ಸಂದಿಯಲ್ಲಿ ಹಳದಿ ಕೊರಳಿನ ಪಿಕಳಾರ ಇದೆ, ಬೈನಾಕ್ಯುಲರ್ ತನ್ನಿ.

ಸರಿ, ಈಗ ಆ ಒಂದು ಸ್ಟಾರ್.

ಮೊದಲನೆಯದು, ಕೈಗೆ ಕೊಡುವ ಮ್ಯಾಪು, ಕಾಗದ ಎಲ್ಲ ಇಂಗ್ಲಿಷ್. ಕನ್ನಡದಲ್ಲಿ ಇಲ್ಲವಾ ಅಂದರೆ ಕನ್ನಡದವರು ಬಂದರೆ ಬಾಯಲ್ಲೇ ಹೇಳುತ್ತೇವೆ ಅಲ್ವಾ ಅಂದರು. ಬಾಯಲ್ಲಿ ಚೆನ್ನಾಗಿಯೇ ಹೇಳುತ್ತಾರೆ, ಒಪ್ಪಿದೆ. ಆದರೆ ಮಗಳು ಮನೆಗೆ ತಂದು ಗೋಡೆಗೆ ಅಂಟಿಸಿರುವ ಮ್ಯಾಪಿನಲ್ಲಿ ಒನಕೆ ಕಿಂಡಿ ಇಂಗ್ಲಿಷಿನಲ್ಲಿ ಎಷ್ಟು ವಿಚಿತ್ರವಾಗಿ ಬರೆದಿದೆ ಅಂದರೆ ಅದನ್ನು ಓದಿ ಆ ಊರಿನವರಿಗೇ ದಾರಿ ಕೇಳಿದರೆ ಗೊತ್ತಾಗುವುದಿಲ್ಲ. ಒಂದು ಪುಟ ಕನ್ನಡ ಹಾಕಲು ಏನು ಕಷ್ಟ? ಕನ್ನಡದ ಜನ ಬರುವುದಿಲ್ಲ ಅಂತ ಕನ್ನಡದಲ್ಲಿ ಹಾಕುವುದಿಲ್ಲ, ಹಾಕುವುದಿಲ್ಲ ಅಂತ ಕನ್ನಡದ ಜನಕ್ಕೆ ಗೊತ್ತೇ ಆಗುವುದಿಲ್ಲ.

ಎರಡನೆಯದು, ಹೆಣ್ಣುಮಕ್ಕಳಿಗೆ ಶೌಚಾಲಯ. ಬೆಳಗ್ಗೆ ಹೊರಟರೆ ಊಟದ ಮನೆ ಸೇರುವ ತನಕ ಎಲ್ಲೂ ಇಲ್ಲ. ಮೊದಲೇ ಹೇಳಿದ್ದರೆ ಅದಕ್ಕೆ ತಕ್ಕಂತೆ ಇರುತ್ತಿದ್ದೆವು. ಕನಿಷ್ಠ ದಾರಿಯಲ್ಲಿ ಒಂದು ಮನೆಯವರ ಜೊತೆ ಮಾತಾಡಿ ಇಟ್ಟುಕೊಳ್ಳಬಹುದು, ಊರಿನವರೇ ನಡೆಸುವುದರ ಲಾಭ ಇಂಥದ್ದಕ್ಕಾದರೂ ಆಗಬೇಕು.

ಮೂರನೆಯದು, ಹರಿಗೋಲಿನ ಕಡೆ. ನಡಿಗೆಯವರಿಗೂ ಹರಿಗೋಲಿನವರಿಗೂ ಲೆಕ್ಕ ಬೇರೆ ಬೇರೆ. ದಡಕ್ಕೆ ಹೋದ ಮೇಲೆ ರೇಟು ಬೇರೆ ಆಯಿತು, ಲೈಫ್ ಜಾಕೆಟ್ ಎರಡಕ್ಕೆ ಬಕಲ್ ಇರಲಿಲ್ಲ. ನಮ್ಮ ಮನೆಯವರು ಜಾಕೆಟ್ ಸರಿ ಇಲ್ಲದೆ ಹತ್ತುವುದಿಲ್ಲ ಅಂತ ಕೂತರು, ಆಮೇಲೆ ಎಲ್ಲಿಂದಲೋ ಬೇರೆ ಬಂದವು. ಅಂದರೆ ಇದ್ದವು, ಕೇಳಿದರೆ ಮಾತ್ರ ಕೊಡುವುದು. ನೀವೂ ಕೇಳಿ, ಸಂಕೋಚ ಬೇಡ. ಹೊಳೆ ಶಾಂತವಾಗಿ ಕಂಡರೂ ಕೆಳಗೆ ಬಂಡೆ, ಸುಳಿ ಇರುತ್ತದೆ, ಮತ್ತು ಡ್ಯಾಮಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ನೀರು ಹೊಳೆಗೆ ನುಗ್ಗಿದ್ದು ನೆನಪಿದೆಯಲ್ಲ. ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ, ಆಗ ಗೋಗರೆದು ಹತ್ತಲು ಹೋಗಬೇಡಿ, ಹೊಳೆ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ ಹೋಗಲೇಬೇಕು ಅಂತ ಹಟ ಮಾಡುವವರನ್ನು ಅಲ್ಲೇ ದಡದಲ್ಲಿ ನೋಡಿದೆ.

ಇದು ನಡಿಗೆಯವರ ತಪ್ಪಲ್ಲ, ಆದರೂ ಹೇಳುತ್ತೇನೆ: ವೀಕೆಂಡಿನಲ್ಲಿ ಬೈಕ್ ಗುಂಪುಗಳು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಗದ್ದಲ ಸಣಾಪುರದ ಕಡೆಗೆ ಜರುಗಿದೆ. ಗದ್ದೆ ಬದುವಿನಲ್ಲಿ ಬಿಯರ್ ಬಾಟಲಿ ಚೂರು ಬಿದ್ದಿದ್ದವು. ನಾಟಿ ಮಾಡುವವರು ಬರಿಗಾಲಲ್ಲಿ ಇಳಿಯುವ ಜಾಗ ಅದು ಸ್ವಾಮಿ.

ಇನ್ನು ಅರ್ಧ ದಿನ ಜಾಸ್ತಿ ಇದ್ದರೆ ಹಿರೇಬೆಣಕಲ್‌ಗೂ ಇವರೇ ಕರೆದುಕೊಂಡು ಹೋಗುತ್ತಾರೆ, ಬೇರೆ ಚಾರ್ಜು. ಗಂಗಾವತಿ ದಾಟಿ ಹೋಗಬೇಕು, ಆಮೇಲೆ ಗುಡ್ಡ ಹತ್ತಬೇಕು, ನೀರು ಎಲ್ಲೂ ಸಿಗುವುದಿಲ್ಲ. ಮೇಲೆ ಕಬ್ಬಿಣ ಯುಗದ ಶಿಲಾ ಸಮಾಧಿಗಳು ನಾನೂರರಷ್ಟಿವೆ, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಮನೆಗಳಂತೆ, ಕೆಲವಕ್ಕೆ ದುಂಡಗಿನ ಕಿಂಡಿ. ಊರಿನವರು ಮೊರೇರ ಗುಡ್ಡ ಅನ್ನುತ್ತಾರೆ, ಕುಳ್ಳಗಿನ ಜನ ಮೊರೇರು ಇಲ್ಲಿದ್ದರು ಅಂತ. ಅಲ್ಲೊಂದು ದೊಡ್ಡ ಅರೆಗೋಲದ ಬಂಡೆ ಇದೆ, ಕಲ್ಲಿನಿಂದ ಬಡಿದರೆ ನಗಾರಿಯಂತೆ ಸದ್ದು. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಮೇಲೆ ಹೋದರೆ ನಿಮ್ಮನ್ನು ಬಿಟ್ಟು ಇನ್ನೊಬ್ಬರು ಇದ್ದರೆ ಹೆಚ್ಚು. ಮಗಳಿಗೆ ಇಡೀ ಪ್ರವಾಸದಲ್ಲಿ ಇದೇ ನಂಬರ್ ಒನ್. ನನಗೆ ಕಾಲುವೆ.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್ ಮೇನಲ್ಲಿ ಬರಬೇಡಿ, ಬಂದರೆ ನನ್ನನ್ನು ಬೈಯಬೇಡಿ. ಹನುಮ ಜಯಂತಿ, ಹನುಮಮಾಲೆ ದಿನಗಳಲ್ಲಿ ರೂಮೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ. ವಾರದ ನಡುವೆ ಬಂದರೆ ಊರು ಊರಿನಂತೆ ಇರುತ್ತದೆ. ರೈಲಿಗೆ ಹೊಸಪೇಟೆಯೂ ಆಗುತ್ತದೆ, ಗಂಗಾವತಿಯೂ ಆಗುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ, ಬಂಡೆ ಜಾರುತ್ತದೆ. ದರ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಎಷ್ಟು ಜನ, ಯಾವ ಸೀಸನ್ ನೋಡಿ ಹೇಳುತ್ತಾರೆ, ಹರಿಗೋಲು ಸೇರಿ ಎಷ್ಟು ಅಂತ ಫೋನಿನಲ್ಲೇ ಬಿಡಿಸಿ ಕೇಳಿಕೊಳ್ಳಿ. ಚಿಲ್ಲರೆ ನೋಟು ಕೈಯಲ್ಲಿರಲಿ, ಬಂಡೆಗಳ ನಡುವೆ ಸಿಗ್ನಲ್ ಹೋಗಿ ಫೋನ್‌ಪೇ ಕೈಕೊಡುತ್ತದೆ, ಪಡಸಾಲೆಯ ಅಕ್ಕನವರಿಗಂತೂ ಕ್ಯಾಶೇ ಬೇಕು.